ಸುಮಾಗೆ ಉತ್ತರ: ಬುಡಾಪೆಸ್ಟ್ ಫೈನಲ್ ಟಿಕೆಟ್ ವಿಷಯ

ಸುಮಾ, ನಿನ್ನ ಮೆಸೇಜ್ ಈಗ ನೋಡಿದೆ. ಹುಡುಗ ವಿಯೆನ್ನಾದಿಂದ ಬುಡಾಪೆಸ್ಟ್‌ಗೆ 2026ರ ಮೇ 30ರ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಫೈನಲ್‌ಗೆ ಹೊರಟಿದ್ದಾನೆ, ಯಾರೋ ಕ್ಯೂಆರ್ ಕೋಡಿನ ಸ್ಕ್ರೀನ್‌ಶಾಟ್ ಕಳಿಸಿ ಬಾಕಿ ದುಡ್ಡು ಕೇಳ್ತಿದ್ದಾರೆ, ಹಾಕಬಹುದಾ ಮಾವಾ ಅಂದಿದ್ದೀಯ. ಹಾಕಬೇಡ ಅಂತ ಹೇಳಮ್ಮ. ಸ್ಕ್ರೀನ್‌ಶಾಟ್ ಟಿಕೆಟ್ಟೇ ಅಲ್ಲ.

2024ರ ಜೂನ್ 1, ಲಂಡನ್ನಿನ ವೆಂಬ್ಲಿ ಸ್ಟೇಡಿಯಂ, ಆ ವರ್ಷದ ಫೈನಲ್. ನಾನಾಗ ಮಗಳ ಮನೇಲಿದ್ದೆ, ನಿಮಗೆಲ್ಲ ಗೊತ್ತಿರೋದೇ. ರಿಯಲ್ ಮ್ಯಾಡ್ರಿಡ್‌ಗೆ ಟೋನಿ ಕ್ರೂಸ್‌ದು ಕೊನೇ ಆಟ, ಹೇಗಾದ್ರೂ ನೋಡಬೇಕು ಅಂತ ಒಬ್ಬ ಮಾರಾಟಗಾರನ ಹತ್ರ ಇಂಥದೇ ಚಿತ್ರ ತಗೊಂಡಿದ್ದೆ. ಮೊದಲ ತಪಾಸಣೇಲೇ ಆ್ಯಪ್ ತೆಗೆದು ತೋರಿಸಿ ಅಂದ್ರು. ನನ್ನ ಆ್ಯಪಲ್ಲಿ ಏನಿರುತ್ತೆ? 74ನೇ ನಿಮಿಷ ಕ್ರೂಸ್ ಹೊಡೆದ ಕಾರ್ನರ್, ಕಾರ್ವಹಾಲ್ ಹೆಡರ್, 83ಕ್ಕೆ ವಿನೀಸಿಯಸ್. ಎರಡು ಸಲ ಒಳಗಿಂದ ಕೂಗು ಕೇಳಿಸ್ತು. ಹೊರಗೆ ನಿಂತು ಯಾರ ಗೋಲು ಅಂತ ಫೋನಲ್ಲಿ ನೋಡ್ಕೊಂಡೆ. ಆ ಸಂಕಟ ಅವನಿಗೆ ಬೇಡ.

ಯಾಕೆ ಹಾಗಾಗುತ್ತೆ ಅಂದ್ರೆ, ಫೈನಲ್ ನಡೆಸೋ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾದ ಟಿಕೆಟ್ ಅವರದೇ ಮೊಬೈಲ್ ಆ್ಯಪಿಗೆ ಬರೋದು. ಬಂದ್ರೂ ಕ್ಯೂಆರ್ ಕೋಡ್ ತಕ್ಷಣ ಕಾಣಲ್ಲ. ಸ್ಟೇಡಿಯಂ ಹತ್ರ ಹೋದಾಗ ಅಲ್ಲಿನ ಬ್ಲೂಟೂತ್ ಸಿಗ್ನಲ್ ಫೋನಿಗೆ ಸಿಕ್ಕಿದ ಮೇಲೇ ಕೋಡ್ ತೆರೆದುಕೊಳ್ಳೋದು. ಅಂದ್ಮೇಲೆ ವಾರದ ಮುಂಚೆ ಒಬ್ಬ ಕೋಡ್ ತೋರಿಸ್ತಾನೆ ಅಂದ್ರೆ ಅದು ಎಲ್ಲಿಂದ ಬಂತು? ಇನ್ನೊಂದ್ಸಲ ಹೇಳ್ತೀನಿ, ಸ್ಕ್ರೀನ್‌ಶಾಟ್ ಟಿಕೆಟ್ಟಲ್ಲ. ಮಾರೋನು ತನ್ನ ಆ್ಯಪಿಂದ ಹುಡುಗನ ಆ್ಯಪಿಗೆ ವರ್ಗ ಮಾಡಬೇಕು. ಅಲ್ಲಿ ಬಂದು ಕೂತರೆ ಮಾತ್ರ ನಂಬಬಹುದು. ಮುಂಗಡ ಕಾರ್ಡಲ್ಲಿ ಕೊಟ್ಟಿದ್ರೆ ಇವತ್ತೇ ಬ್ಯಾಂಕಿಗೆ ದೂರು ಕೊಡಲಿ.

ಹುಡುಗರು ಇಂಥವರ ಕೈಗೆ ಸಿಗೋದಾದ್ರೂ ಯಾಕೆ? 2022ರ ಪ್ಯಾರಿಸ್ ಫೈನಲ್ ನೋಡು. ಸ್ಟಾದ್ ದ ಫ್ರಾನ್ಸಲ್ಲಿ 75,000 ಸೀಟು. ಆಡಿದ ಎರಡು ತಂಡಗಳ ಅಭಿಮಾನಿಗಳಲ್ಲಿ ಲಿವರ್‌ಪೂಲ್‌ನವರಿಗೆ 20,000 ಟಿಕೆಟ್, ರಿಯಲ್‌ನವರಿಗೆ 20,000, ಸಾರ್ವಜನಿಕರಿಗೆ 12,000. ಉಳಿದ 23,000 ಪ್ರಾಯೋಜಕರು, ಫುಟ್‌ಬಾಲ್ ಸಂಘದವರು, ಅತಿಥಿಗಳಿಗೆ. ವರ್ಷವೆಲ್ಲ ತಂಡದ ಹಿಂದೆ ಅಲೆದವರು ಹೊರಗೆ! ಅವತ್ತು ರೈಲು ಮುಷ್ಕರ ಇತ್ತು, ಜನರನ್ನೆಲ್ಲ ಹೆದ್ದಾರಿ ಕೆಳಗಿನ ಇಕ್ಕಟ್ಟು ದಾರಿಗೆ ನುಗ್ಗಿಸಿದ್ರು. ಆಟ 36 ನಿಮಿಷ ತಡ. ಮಕ್ಕಳಿದ್ದ ಜನರ ಮೇಲೆ ಅಶ್ರುವಾಯು. ಆಮೇಲೆ 30-40 ಸಾವಿರ ಜನ ಟಿಕೆಟ್ಟಿಲ್ದೆ, ನಕಲಿ ಟಿಕೆಟ್ ಹಿಡಿದು ಬಂದಿದ್ರು ಅಂತ ಫ್ರಾನ್ಸಿನ ಗೃಹ ಸಚಿವರ ಹೇಳಿಕೆ. ಆದ್ರೆ ಗೇಟಲ್ಲಿ ಸಿಕ್ಕ ನಕಲಿ ಟಿಕೆಟ್ ಬರೀ 2,589. ಸ್ವತಂತ್ರ ವರದಿ ಬಂದು ಮುಖ್ಯ ಹೊಣೆ ಸಂಘಟಕರಾದ ಯುಯೆಫಾದ್ದೇ ಅಂತ ಹೇಳೋಕೆ 2023 ಆಯ್ತು. ಇದು ನೆನಪಾದ್ರೆ ನಂಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಅಯ್ಯೋ, ಮುಖ್ಯವಾದ್ದನ್ನೇ ಬಿಟ್ಟೆ ನೋಡು. ಈ ಸಲ ಆಟ ಅಲ್ಲಿನ ಸಂಜೆ 6ಕ್ಕೆ, ಎಂದಿನಂತೆ ರಾತ್ರಿ 9ಕ್ಕಲ್ಲ. ಹಳೇ ಲೆಕ್ಕದಲ್ಲಿ ರೈಲು ಹಿಡಿದ್ರೆ ನಿಜವಾದ ಟಿಕೆಟ್ ಇದ್ರೂ ಆಟ ಮುಗಿದಿರುತ್ತೆ. ವಿಯೆನ್ನಾದಿಂದ ಬುಡಾಪೆಸ್ಟಿನ ಕೆಲೆಟಿ ಸ್ಟೇಷನ್‌ಗೆ ಸುಮಾರು ಎರಡೂಮುಕ್ಕಾಲು ಗಂಟೆ, ಮಧ್ಯಾಹ್ನದೊಳಗೆ ತಲುಪೋ ರೈಲು ನೋಡಲಿ. ಅಲ್ಲಿಂದ ಎಂ2 ಮೆಟ್ರೋದಲ್ಲಿ ಒಂದೇ ಸ್ಟಾಪ್, ಆಟ ನಡೆಯೋ ಜಾಗದ ಪಕ್ಕದ ಪುಶ್ಕಾಶ್ ಫೆರೆಂತ್ಸ್ ಸ್ಟೇಡಿಯಂ ನಿಲ್ದಾಣ. ಫೈನಲ್ ಗೇಟು ಸಾಮಾನ್ಯವಾಗಿ ಮೂರು ಗಂಟೆ ಮುಂಚೆ ತೆಗೀತಾರೆ, ಆಗಲೇ ಹೋಗಿ ನಿಲ್ಲಲಿ. ಫೋನ್ ಫುಲ್ ಚಾರ್ಜ್, ಬ್ಲೂಟೂತ್ ಆನ್, ಟಿಕೆಟ್ ರೂಮಿನ ವೈಫೈನಲ್ಲೇ ಡೌನ್‌ಲೋಡ್. ಜನ ಸೇರಿದ ಮೇಲೆ ಅಲ್ಲಿ ನೆಟ್ ನಂಬಬಾರದು. ಎ4 ಹಾಳೆಗಿಂತ ದೊಡ್ಡ ಬ್ಯಾಗ್ ಬೇಡ. ಪಾಸ್‌ಪೋರ್ಟ್ ಜೊತೆ ಆಸ್ಟ್ರಿಯಾದ ರೆಸಿಡೆನ್ಸ್ ಕಾರ್ಡೂ ಇರಲಿ. ಹೆಚ್ಚುವರಿ 30 ನಿಮಿಷ, ಪೆನಾಲ್ಟಿ ಅಂತ ಹೋದ್ರೆ 9 ಆಗುತ್ತೆ, ಅದಕ್ಕೇ ಅವತ್ತೇ ರಾತ್ರಿ ವಾಪಸ್ ರೈಲು ಬುಕ್ ಮಾಡೋದು ಬೇಡ.

ಇಲ್ಲಿ ನಮಗೆ ರಾತ್ರಿ 9:30ಕ್ಕೇ ಶುರು, 12:30ರ ತನಕ ಕಾಯೋದಿಲ್ಲ. ಸುಮಾ, ಅವನ ರೈಲು ಎಷ್ಟು ಗಂಟೆಗೆ ಅಂತ ಈಗಲೇ ಕೇಳಿ ಗ್ರೂಪಿಗೆ ಹಾಕು.