ಮನೆಯಲ್ಲೇ ಸಿಎನ್‌ಸಿ ಕಟ್ಟುವುದು: ಯಾವ ಮೋಟಾರು ಬೇಕು?

ಪ್ರಶ್ನೆ, ಸಾಗರದಿಂದ

ನಮ್ಮದು ಸಣ್ಣ ಮರಗೆಲಸದ ಅಂಗಡಿ. ಮನೆಗಳ ಹೆಸರಿನ ಫಲಕದ ಮೇಲೆ ಅಕ್ಷರ ಕೊರೆಯಲು ಒಂದು ಸಿಎನ್‌ಸಿ ಯಂತ್ರವನ್ನು (ಕಂಪ್ಯೂಟರ್ ಹೇಳಿದಂತೆ ತಾನೇ ಕೊರೆಯುವುದು) ಕೈಯಾರೆ ಕಟ್ಟಬೇಕೆಂದಿದ್ದೇನೆ. ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆ ಹಿಡಿಸಿದರೆ ಸಾಕು. ಖರ್ಚು ಇಪ್ಪತ್ತೈದು ಸಾವಿರ ದಾಟಬಾರದು. ಅದನ್ನು ಓಡಿಸಲು, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರು ನೀಮಾ 17 ಸಾಕೇ, 23 ಬೇಕೇ? ಕಟ್ಟಿದವರು ದಯವಿಟ್ಟು ತಿಳಿಸಿ.

ಹಾಸನದಿಂದ

ಇದುವರೆಗೆ ಮೂರು ಕಟ್ಟಿದ್ದೇನೆ. ಮೊದಲನೆಯದು ಈಗ ಮನೆಬಾಗಿಲಲ್ಲಿ ಚಪ್ಪಲಿ ಇಡುವ ಹಲಗೆಯಾಗಿದೆ.

ಅದಕ್ಕೆ ಹಾಕಿದ್ದು ಮೇಜಿನ ಡ್ರಾಯರ್ ಚಾನೆಲ್. ಅಗ್ಗವಾಗಿ ಸಿಗುತ್ತದೆ, ಬೆಣ್ಣೆಯಂತೆ ಜಾರುತ್ತದೆ. ಆದರೆ ವೃತ್ತ ಕೊರೆಯಲು ಹೇಳಿದರೆ ಕೋಳಿಮೊಟ್ಟೆ ಬರುತ್ತಿತ್ತು. ಮೋಟಾರಿಗೆ ಶಕ್ತಿ ಸಾಲದೆಂದು 17ನ್ನು ಕಿತ್ತು 23 ಹಾಕಿದೆ. ಮೊಟ್ಟೆ ಮೊಟ್ಟೆಯಾಗಿಯೇ ಉಳಿಯಿತು. ಕೊನೆಗೊಂದು ದಿನ ಯಂತ್ರ ಆರಿಸಿ, ಕೊರೆಯುವ ಬಿಟ್‌ನ ತುದಿಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿ ನೋಡಿದೆ. ಒಂದು ಮಿಲಿಮೀಟರಿನಷ್ಟು ಸರಿಯಿತು! ಬೆರಳಿಗೇ ಬಾಗುವ ಯಂತ್ರ ತೇಗದ ಹಲಗೆಗೆ ಬಾಗದೆ ಇರುತ್ತದೆಯೇ?

17, 23 ಎನ್ನುವುದು ಶಕ್ತಿಯ ಅಳತೆಯಲ್ಲ. ಮೋಟಾರಿನ ಮುಖದ ಅಗಲ 1.7 ಇಂಚು, 2.3 ಇಂಚು ಎಂದಷ್ಟೇ ಅದರ ಅರ್ಥ. ನಿಮ್ಮ ಅಳತೆಗೆ ನಾನಾದರೆ 23 ಹಾಕುತ್ತೇನೆ. ಆದರೆ ಒಂದೊಂದು ಸಲಕ್ಕೆ ಒಂದು ಮಿಲಿಮೀಟರ್ ಆಳದಂತೆ ನಿಧಾನವಾಗಿ ಕೊರೆಯುವ ತಾಳ್ಮೆಯಿದ್ದರೆ 17ರಲ್ಲೂ ಕೆಲಸ ನಡೆಯುತ್ತದೆ. ಮೊದಲ ಹಣವನ್ನು ರೈಲಿಗೆ, ಅಂದರೆ ಯಂತ್ರ ಜಾರುವ ಹಳಿಗೆ ಹಾಕಿ. ಎರಡು ತುದಿಯಲ್ಲಿ ಮಾತ್ರ ಹಿಡಿದ 8 ಮಿಲಿಮೀಟರ್ ಸರಳು ಎರಡಡಿ ಉದ್ದಕ್ಕೆ ನಡುವೆ ಜೋತುಬೀಳುತ್ತದೆ. ಕೆಳಗಿನಿಂದ ಉದ್ದಕ್ಕೂ ಆಸರೆಯಿರುವ ಎಸ್‌ಬಿಆರ್ 16 ರೈಲು ತನ್ನಿ. ಚೌಕಟ್ಟು ಬಿಗಿಯುವ ಮುನ್ನ ಎರಡೂ ಕರ್ಣಗಳನ್ನು ಟೇಪಿನಿಂದ ಅಳೆಯಿರಿ, ಸಮ ಬರಬೇಕು. ಮೂಲೆಮಟ್ಟ ಇಷ್ಟು ದೊಡ್ಡ ಚೌಕಟ್ಟಿಗೆ ಸಾಲದು.

ಬೆಂಗಳೂರಿನ ಪೀಣ್ಯದಿಂದ

ನಾನು ಲೇತ್ ಮೇಲೆ ಕೆಲಸ ಮಾಡಿದವನು, ಮೋಟಾರು ತಿರುಗಿದಂತೆ ಯಂತ್ರವನ್ನು ಸರಿಸುವ ತಿರುಪಿನ ವಿಷಯ ಮಾತ್ರ ಹೇಳುತ್ತೇನೆ. ಅಗ್ಗವೆಂದು ಹಾರ್ಡ್‌ವೇರ್ ಅಂಗಡಿಯ ಎಂ8 ತ್ರೆಡ್ ರಾಡ್ ಹಾಕಬೇಡಿ. ಲೆಕ್ಕ ನೋಡಿ: ಸಾಮಾನ್ಯ ಸ್ಟೆಪ್ಪರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಮೋಟಾರಿಗೆ ಕರೆಂಟು ಕೊಟ್ಟು ನಡೆಸುವ ಡ್ರೈವರ್ ಪ್ರತಿ ಹೆಜ್ಜೆಯನ್ನು 16 ಪಾಲು ಮಾಡಿದರೆ 3200. ಎಂ8 ರಾಡ್ ಒಂದು ಸುತ್ತಿಗೆ ಸಾಗುವುದು 1.25 ಮಿಲಿಮೀಟರ್, ಅಂದರೆ ಮಿಲಿಮೀಟರಿಗೆ 2560 ಹೆಜ್ಜೆ. ಯಂತ್ರಕ್ಕೆ ಆಜ್ಞೆ ಕೊಡುವ ಪುಟ್ಟ ಬೋರ್ಡು ಆರ್ಡುಯಿನೋ ಊನೋ, ಅದರ ಮೇಲೆ ಓಡುವ ಜಿಆರ್‌ಬಿಎಲ್ ತಂತ್ರಾಂಶ ಸೆಕೆಂಡಿಗೆ ಸುಮಾರು 30,000 ಹೆಜ್ಜೆಗಿಂತ ಹೆಚ್ಚು ಕಳಿಸಲಾರದು. ಹಾಗಾಗಿ ನಿಮಿಷಕ್ಕೆ 700 ಮಿಲಿಮೀಟರಿಗೇ ಯಂತ್ರದ ಓಟ ಮುಗಿಯಿತು. ಅಷ್ಟು ವೇಗಕ್ಕೆ ಮೋಟಾರು ನಿಮಿಷಕ್ಕೆ 560 ಸುತ್ತು ತಿರುಗಬೇಕು. ಸ್ಟೆಪ್ಪರ್ ವೇಗ ಹೆಚ್ಚಿದಷ್ಟೂ ಬಲ ಕಳೆದುಕೊಳ್ಳುವ ಜಾತಿಯದು.

ಟಿ8 ಲೀಡ್ ಸ್ಕ್ರೂ ಒಂದು ಸುತ್ತಿಗೆ 8 ಮಿಲಿಮೀಟರ್ ಸಾಗುತ್ತದೆ. ಅದಕ್ಕೆ ಮಿಲಿಮೀಟರಿಗೆ 400 ಹೆಜ್ಜೆ ಸಾಕು. ಸ್ಪ್ರಿಂಗ್ ಇರುವ ಹಿತ್ತಾಳೆ ನಟ್ ಜೊತೆಗೇ ತನ್ನಿ, ಹಿಂದೆಮುಂದೆ ಹೋಗುವಾಗಿನ ಸಡಿಲ ಕಡಿಮೆಯಾಗುತ್ತದೆ. ಮೇಲೆಕೆಳಗೆ ಹೋಗುವ ಅಕ್ಷಕ್ಕೆ ಮಾತ್ರ 8 ಬೇಡ, 2 ಮಿಲಿಮೀಟರಿನದು ಹಾಕಿ. ನಾನು ಎಲ್ಲಕ್ಕೂ 8 ಹಾಕಿದ್ದೆ. ಒಂದು ಸಂಜೆ ಕರೆಂಟು ಹೋಯಿತು. ಮೋಟಾರು ಹಿಡಿತ ಬಿಟ್ಟದ್ದೇ ತಡ, ಬಿಟ್ ತಿರುಗಿಸುವ ಎರಡು ಕಿಲೋ ತೂಕದ ರೌಟರ್ ತಾನಾಗಿಯೇ ಇಳಿದು ಮುಗಿಯುತ್ತ ಬಂದಿದ್ದ ಫಲಕದ ನಡುವೆ ಕೂತಿತು.

ಮೈಸೂರಿನಿಂದ

ಎಲೆಕ್ಟ್ರಾನಿಕ್ಸ್ ಕಡೆಯಿಂದ ಮೂರು ಮಾತು. 23 ಮೋಟಾರಿಗೆ ಎ4988 ಡ್ರೈವರ್ ಸಾಲುವುದಿಲ್ಲ. ಮೋಟಾರು 2.8 ಆಂಪಿಯರ್ ಕೇಳಿದರೆ ಇದು ತಣ್ಣಗೆ ಕೊಡುವುದು ಒಂದು ಚಿಲ್ಲರೆ. ಟಿಬಿ6600 ಮತ್ತು 24 ವೋಲ್ಟ್ ಸಪ್ಲೈ ಇಟ್ಟುಕೊಳ್ಳಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ನಾಲ್ಕು ಅಂಗಡಿ ಕೇಳಿ ಕೊಳ್ಳಿ.

ಸಪ್ಲೈ ಆನ್ ಇರುವಾಗ ಮೋಟಾರಿನ ತಂತಿ ಎಳೆಯಲೇಬೇಡಿ. ಹಾಗೆ ಎಳೆದು ಒಂದೇ ಮಧ್ಯಾಹ್ನ ಎರಡು ಡ್ರೈವರ್ ಸುಟ್ಟಿದ್ದೇನೆ. ಎರಡನೆಯದು, ಮೊದಲನೆಯದು ಏಕೆ ಸುಟ್ಟಿತೆಂದು ನೋಡಲು ಹೋಗಿ.

ಇನ್ನೊಂದು ಕಾಟ, ತುದಿ ಮುಟ್ಟಿದಾಗ ಯಂತ್ರ ನಿಲ್ಲಿಸುವ ಲಿಮಿಟ್ ಸ್ವಿಚ್ಚಿನದು. ಯಾರೂ ಮುಟ್ಟದಿದ್ದರೂ ಯಂತ್ರ ನಡುವೆ ನಿಲ್ಲುತ್ತಿತ್ತು. ರೌಟರಿನ ಬ್ರಷ್ ಕಿಡಿಯ ವಿದ್ಯುತ್ ಗಲಭೆ ಸ್ವಿಚ್ಚಿನ ತಂತಿಗೆ ಹತ್ತುತ್ತಿತ್ತು. ಎರಡೂ ತಂತಿಗಳನ್ನು ದೂರ ಮಾಡಿ, ಸ್ವಿಚ್ಚಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ಶಾಂತವಾಯಿತು.

ಧಾರವಾಡದಿಂದ

ಒಂದು ನೆನಪಿರಲಿ, ಸ್ಟೆಪ್ಪರಿಗೆ ಕಣ್ಣಿಲ್ಲ. ಹೆಜ್ಜೆ ತಪ್ಪಿದರೂ ಅದಕ್ಕೆ ಗೊತ್ತಾಗದು. ಮುಂದಿನ ಅಕ್ಷರಗಳೆಲ್ಲ ಅಷ್ಟೇ ಪಕ್ಕಕ್ಕೆ ಸರಿದು ಕೊರೆಯುತ್ತ ಹೋಗುತ್ತದೆ. ಗಿರಾಕಿಯ ಹಲಗೆಗೆ ಮುನ್ನ ಪೆನ್ ಕಟ್ಟಿ, ಹಾಳೆಯ ಮೇಲೆ ಅದೇ ಹೆಸರನ್ನು ಎರಡು ಸಲ ಬರೆಸಿ. ಗೆರೆಯ ಮೇಲೆ ಗೆರೆ ಕೂರಬೇಕು. ಮಾಸ್ಕ್, ಕನ್ನಡಕ ಮರೆಯಬೇಡಿ.

ಸಾಗರದಿಂದ ಮತ್ತೆ

ಎಲ್ಲರಿಗೂ ಧನ್ಯವಾದ. ಮೋಟಾರು ಆಮೇಲೆ, ರೈಲು ಮೊದಲು ಎಂದಾಯಿತು. ಚೌಕಟ್ಟಿಗೆ ಅಂಗಡಿಯಲ್ಲೇ ಬಿದ್ದಿರುವ ಹಳೆಯ ಬಾಗಿಲಿನ ಮರ ಬಳಸಬಹುದೇ? ಇಲ್ಲವೇ ಎಂಡಿಎಫ್?

ಹಾಸನದಿಂದ

ನಿಮ್ಮ ಊರಿನ ಮಳೆಗಾಲಕ್ಕೆ ಎರಡೂ ಬೇಡ. ಎಂಡಿಎಫ್ ತೇವ ಕುಡಿದು ಅಂಚಿನಲ್ಲಿ ಉಬ್ಬುತ್ತದೆ. ಮರ ಎಷ್ಟೇ ಹಳೆಯದಾದರೂ ಆಷಾಢದಲ್ಲಿ ಅಗಲಕ್ಕೆ ಹಿಗ್ಗುತ್ತದೆ. ಬಾಗಿಲು ಸಿಕ್ಕಿಕೊಳ್ಳುವುದನ್ನು ನಿಮಗೆ ನಾನು ಹೇಳಬೇಕೇ? ಎಂಎಸ್ (ಮೆದು ಉಕ್ಕಿನ) ಚೌಕ ಪೈಪ್ ತಂದು ಬೋಲ್ಟ್ ಹಾಕಿ. ವೆಲ್ಡಿಂಗ್ ಮಾಡಿಸಿದರೆ ಬಿಸಿಗೆ ಸೊಟ್ಟಗಾಗುತ್ತದೆ, ಆಮೇಲೆ ರೈಲಿನ ಕೆಳಗೆ ತೆಳು ತಗಡಿನ ಶಿಮ್ ಕೊಡುತ್ತ ಕೂರಬೇಕು. ಹಳೆಯ ಬಾಗಿಲಿನ ಮರ ಫಲಕಕ್ಕೇ ಇರಲಿ.