ಹಳೇ ಮುಸಾಫಿರಖಾನಾ ಮ್ಯೂಸಿಯಂ ಮಾಡಬೇಕಾಗೇತಿ: ಗಾರೆ, ಲಾಯ, ಕಾಗದಪತ್ರ

ಹೊಳೆದಂಡಿ, ಕೊಪ್ಪಳ:
ಕೊಪ್ಪಳ ತಾಲೂಕಿನ ಒಂದು ಹಳ್ಳಿಯೊಳಗ ರಸ್ತೆ ಬದಿಗೆ ಹಳೇ ಮುಸಾಫಿರಖಾನಾ, ಅಂದ್ರ ದಾರಿಹೋಕರು ತಂಗೋ ಮನಿ ಐತ್ರಿ. ಮುಂದ ಪಡಸಾಲೆ, ಸಾಲಾಗಿ ನಾಲ್ಕು ಖೋಲಿ, ಹಿಂದ ಕುದುರೆ ಲಾಯ. ಪಂಚಾಯ್ತಿ ಮ್ಯೂಸಿಯಂ ಮಾಡಾಕ ಒಪ್ಪೇತಿ. ಗುತ್ತಿಗೆದಾರರು ಸಿಮೆಂಟ್ ಪ್ಲಾಸ್ಟರ್ ಹೊಡೆದು, ಲಾಯ ಕೆಡವಿ ಶೌಚಾಲಯ ಕಟ್ಟೋಣ ಅಂತಾರ. ಕಲ್ಲು-ಮಣ್ಣಿನ ಗೋಡೆ, ಕೆಳಗ ಮೂರು ಅಡಿ ಗಾರೆ ಉದುರೇತಿ. ಎಲ್ಲಿಂದ ಶುರು ಮಾಡಬೇಕು? ಹಳೇ ಕಾಗದ ಎಲ್ಲಿ ಸಿಗ್ತಾವ?

ಗಾರೆಕೆಲಸ, ಬಳ್ಳಾರಿ:
ಸಿಮೆಂಟ್ ಮಾತು ಮೊದಲು ನಿಲ್ಲಿಸ್ರಿ. ಕಲ್ಲು-ಮಣ್ಣಿನ ಗೋಡೆ ನೆಲದ ತೇವ ಹೀರಿ ಮೈಯಿಂದ ಆರಿಸಿಕೊಳ್ಳುತ್ತದೆ. ಮೇಲೆ ಸಿಮೆಂಟ್ ಮುಚ್ಚಿದರೆ ತೇವ ಒಳಗೊಳಗೇ ಏರಿ, ಉಪ್ಪು ಕಟ್ಟಿ, ಪ್ಲಾಸ್ಟರ್ ಹಾಳೆ ಹಾಳೆಯಾಗಿ ಬೀಳುತ್ತದೆ. ಬೀಳುವಾಗ ಕಲ್ಲಿನ ಮುಖವನ್ನೂ ಕಿತ್ತುಕೊಂಡು ಹೋಗುತ್ತದೆ. ಮೂರು ಅಡಿ ಉದುರಿದೆ ಅಂದರೆ ಅಂಗಳದ ಮಟ್ಟ ನೋಡ್ರಿ. ರಸ್ತೆಗೆ ಮಣ್ಣು ಹಾಕ್ತಾ ಹಾಕ್ತಾ ನೆಲಗಟ್ಟು ಹೂತುಹೋಗಿರಬಹುದು. ಗೋಡೆಗುಂಟ ಆ ಮಣ್ಣು ತೆಗೆದು ನೀರು ಹೊರಗೆ ಹರಿಯುವಂತೆ ಮಾಡುವ ತನಕ ಗಾರೆ ಮುಟ್ಟಬೇಡ್ರಿ.

ಆಮೇಲೆ ಸುಣ್ಣದ ಕಲ್ಲು ಅರಳಿಸಿ, ಮೇಲೆ ನೀರು ನಿಲ್ಲಿಸಿ ಕನಿಷ್ಠ ಒಂದು ತಿಂಗಳು ಬಿಡ್ರಿ. 1 ಪಾಲು ಸುಣ್ಣಕ್ಕೆ 2 ಪಾಲು ಮರಳು, 1 ಪಾಲು ಇಟ್ಟಿಗೆ ಪುಡಿ. ಮರಳು ತೊಳೆದದ್ದೇ ಬೇಕು, ಎರೆಮಣ್ಣು ಬೆರೆತರೆ ಬಲೆಯ ಹಾಗೆ ಬಿರುಕು ಬಿಡುತ್ತದೆ. ಸಂದು ಒಂದು ಇಂಚು ಕೆರೆದು, ಗೋಡೆ ನೆನೆಸಿ ಹಚ್ಚಬೇಕು. ಒಂದು ಸಲಕ್ಕೆ 12 ಮಿ.ಮೀ. ದಾಟಬಾರದು. ಹತ್ತು ದಿನ ಒದ್ದೆ ಗೋಣಿತಟ್ಟು ಇಳಿಬಿಡ್ರಿ. ಸುಣ್ಣ ಗಾಳಿ ಹೀರಿ ನಿಧಾನಕ್ಕೆ ಕಲ್ಲಾಗುವಂಥದ್ದು. ನಮ್ಮ ಏಪ್ರಿಲ್ ಬಿಸಿಲಿಗೆ ಸಿಕ್ಕರೆ ಬೆರಳಿಟ್ಟು ಉಜ್ಜಿದರೂ ಪುಡಿ ಬರುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಮುಗಿಸ್ರಿ.

ಹಳೇದಫ್ತರ, ರಾಯಚೂರು:
1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ನಿಮ್ಮ ಕಡೆ ತುಂಗಭದ್ರೆಯೇ ಗಡಿ. ಆಚೆ ದಂಡೆಯ ಬಂಗಲೆಗಳ ಕಡತ ಹುಡುಕಬೇಕಾದ್ದು ಚೆನ್ನೈನ ಎಗ್ಮೋರ್ ಪತ್ರಾಗಾರದಲ್ಲಿ. ನಿಮ್ಮ ದಂಡೆಯದಕ್ಕೆ ಹೈದರಾಬಾದಿನ ತಾರ್ನಾಕಾದ ಪತ್ರಾಗಾರಕ್ಕೆ ಹೋಗಬೇಕು, ಫಾರ್ಸಿ-ಉರ್ದು ಓದುವವರನ್ನು ಜೊತೆಗೆ ಕರೆದುಕೊಳ್ಳಿ. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರು, ಆದ್ದರಿಂದ ಜಾಗೀರಿನ ಕಾಗದವನ್ನೂ ಕೇಳಿ. ಅಲ್ಲಿ ‘ಸರಾಯ್’ ಅಂತ ಕಂಡರೆ ಹೆಂಡದಂಗಡಿ ಅಂದುಕೊಂಡು ಹಾಳೆ ತಿರುವಬೇಡಿ, ಅದು ತಂಗುದಾಣ.

1871ರಲ್ಲಿ ಮುಂಬೈ, ಮದ್ರಾಸ್ ಎರಡೂ ಕಡೆಯ ರೈಲು ರಾಯಚೂರಿನಲ್ಲಿ ಕೂಡಿದವು. ದೂರದ ಪ್ರಯಾಣಿಕರು ಬಂಡಿದಾರಿ ಬಿಟ್ಟದ್ದು ಅಲ್ಲಿಂದ. ನಿಮ್ಮ ಕಟ್ಟಡ ಅದರ ಹಿಂದಿನದೋ ಮುಂದಿನದೋ ಗಟ್ಟಿಯಾಗುವ ತನಕ ಫಲಕದ ಮೇಲೆ ಇಸವಿ ಬರೆಸಬೇಡಿ.

ಅಳತೆಪಟ್ಟಿ, ಗಂಗಾವತಿ:
ಲಾಯ ಮಾತ್ರ ಕೆಡವಬ್ಯಾಡ್ರಿ. ಸಾಲು ಖೋಲಿ ಹಳೇ ಸಾಲಿಗುಡಿಗೂ ಇರ್ತಾವ, ಕಚೇರಿಗೂ ಇರ್ತಾವ. ಗೋದಲಿ, ಹಗ್ಗ ಕಟ್ಟೋ ಕಲ್ಲಿನ ತೂತು, ಬಂಡಿ ಹೊಗುವಷ್ಟು ಅಗಲದ ಬಾಗಿಲು, ಇವು ಇದ್ದರೇನೇ ಅದು ದಾರಿಮನೆ ಅಂತ ಹೇಳಾಕ ಬರ್ತೈತಿ. ಲಾಯದ ಗೋಡೆ ಬುಡಕ್ಕ ಬೆಳ್ಳಗ ಉಪ್ಪು ಹೂವಿನಂಗ ಎದ್ದಿದ್ರ ಒಣ ಬ್ರಷ್‌ನಿಂದ ಉಜ್ಜಿ ತೆಗೀರಿ, ನೀರು ಹಾಕಿ ತೊಳೀಬ್ಯಾಡ್ರಿ, ಮತ್ತ ಒಳಗ ಇಳೀತೈತಿ. ವರ್ಷಗಟ್ಟಲೆ ಇಂಗಿದ ಕುದುರೆ ಉಚ್ಚಿಯಿಂದಲೂ ಇಂಥ ಉಪ್ಪು ಬರ್ತೈತಿ.

ಕೆಲಸ ಶುರುವಾಗೋ ಮೊದಲು ಪ್ರತಿ ಗೋಡೆ, ತೊಲೆ, ಬಾಗಿಲ ಚೌಕಟ್ಟಿನ ಅಳತೆ ಬರೆದು ನಕ್ಷೆ ತೆಗೀರಿ, ಒಂದು ಪ್ರತಿ ಬ್ಯಾರೆ ಊರಾಗ ಇಡ್ರಿ. ಅಮೆರಿಕದ ಕ್ಯಾಲಿಫೋರ್ನಿಯಾದ ನ್ಯೂಬರಿ ಪಾರ್ಕಿನಾಗ ಕುದುರೆ ಕೋಚ್‌ಗಾಡಿ ನಿಲ್ಲತಿದ್ದ ಮರದ ತಂಗುಮನೆ ಇತ್ತು, 1876ರದ್ದು. ಹೆದ್ದಾರಿ ಅಗಲ ಮಾಡೋವಾಗ 1965ರಾಗ ಇಡೀ ಕಟ್ಟಡ ಸರಿಸಿ ಉಳಿಸಿಕೊಂಡ್ರು. 1970ರಾಗ ಬೆಂಕಿಗೆ ಪೂರಾ ಸುಟ್ಟುಹೋತು. ಈಗ ಅಲ್ಲಿ ಮ್ಯೂಸಿಯಂ ಆಗಿ ನಿಂತಿರೋದು ಮತ್ತ ಕಟ್ಟಿದ್ದು. ನಿಮ್ಮ ಮಾಳಿಗೀ ಜಂತೀನೂ ಕಟ್ಟಿಗೀದೇ. ಕರೆಂಟಿನ ವೈರ್ ಜಂತಿಗೆ ಮೊಳೆ ಹೊಡೆದು ಎಳೀಬ್ಯಾಡ್ರಿ, ಪೈಪಿನಾಗ ಹಾಕಿ ಗೋಡೆಗುಂಟ ತರ್ರಿ.

ಹೊಳೆದಂಡಿ, ಕೊಪ್ಪಳ:
ಶೌಚಾಲಯ ಎಲ್ಲಿ ಕಟ್ಟಬೇಕ್ರಿ ಹಂಗಾದ್ರ?

ಗಾರೆಕೆಲಸ, ಬಳ್ಳಾರಿ:
ಇಳಿಜಾರಿನ ಕೆಳಬದಿಗೆ, ಹಳೇ ಗೋಡೆಯಿಂದಲೂ ಬಾವಿಯಿಂದಲೂ ದೂರ. ಗುಂಡಿಯ ತೇವ ಗೋಡೆಬುಡಕ್ಕೆ ಬಂದರೆ ಮಾಡಿದ ಗಾರೆಯೆಲ್ಲ ಮತ್ತೆ ಉದುರುತ್ತದೆ.