ಸಹಾಯ ಬೇಕು: ‘ಕೈ’ ಸೇರಿದ ನುಡಿಗಟ್ಟುಗಳು

ಬೆಂಗಳೂರಿನಲ್ಲಿ ಕನ್ನಡ ಕಲಿಯುತ್ತಿರುವ ಹೊರರಾಜ್ಯದವರಿಗಾಗಿ ‘ಕೈ’ ನುಡಿಗಟ್ಟುಗಳ ಪಟ್ಟಿ ಮಾಡುತ್ತಿದ್ದೇವೆ. ಅವರು ಎಡವುವುದು ವಿಭಕ್ತಿಯಲ್ಲಿ. ‘ಕೈಗೆ ಕೊಟ್ಟ’ ಅಂದರೆ ಒಪ್ಪಿಸಿದ; ‘ಗೆ’ ಬಿಟ್ಟು ‘ಕೈ ಕೊಟ್ಟ’ ಅಂದರೆ ನಂಬಿಸಿ ಮೋಸ ಮಾಡಿದ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಬೈಕ್ ಕೆಟ್ಟು ನಿಂತರೂ ‘ಗಾಡಿ ಕೈ ಕೊಡ್ತು’. ‘ಕೈ ಹಿಡಿದ’ ಇನ್ನೂ ತೊಡಕು: ಮದುವೆಯಾದ, ಕಷ್ಟಕ್ಕೆ ಆದ, ಬರೀ ಕೈ ಹಿಡಿದ, ಮೂರೂ ಹೌದು. ಪದಗಳ ಸ್ಥಾನ ಬದಲಾದರೂ ಅರ್ಥ ತಿರುಗುತ್ತದೆ: ‘ಅಡುಗೆಯಲ್ಲಿ ಎತ್ತಿದ ಕೈ’ ಮೆಚ್ಚುಗೆ, ‘ಕೊನೆಗೆ ಕೈ ಎತ್ತಿಬಿಟ್ಟ’ ಅಂದರೆ ತನ್ನಿಂದಾಗದು ಅಂದ.

ಇಂಥವು ಗೊತ್ತಿದ್ದರೆ ದಯವಿಟ್ಟು ಪೂರ್ತಿ ವಾಕ್ಯದಲ್ಲೇ ಬರೆಯಿರಿ, ಯಾವ ಕಡೆಯ ಬಳಕೆ ಎಂದೂ ಸೇರಿಸಿ. ಬರೀ ಅರ್ಥ ಕೊಟ್ಟರೆ ಯಾರ ಮುಂದೆ ಹೇಳಬಹುದು ಎಂಬುದು ಅವರಿಗೆ ತಿಳಿಯುವುದಿಲ್ಲ.